ನನಗಾದ ಬಾಣಂತನ

ಐವತ್ತರ ದಶಕದ ಕೊನೆಯಲ್ಲಿ ನಾವು ಶಿಕಾರಿಪುರದಲ್ಲಿದ್ದೆವು. ಮದುವೆಯಾಗಿ ಬಹಳ ಕಾಲವಾದರೂ ಮಕ್ಕಳಾಗಿರಲಿಲ್ಲ. ನನ್ನಲ್ಲಿ ಗಂಡಸಿನ ಹಾರ್ಮೋನು ಕಡಿಮೆಯೆಂದು ಶಿವಮೊಗ್ಗದ ಡಾಕ್ಟರು ಇಂಜೆಕ್ಷನ್ ಶುರುಮಾಡಿದರು. ಅದರಿಂದ ರಕ್ತ ಹೆಚ್ಚಾಗಿ ಮಂದವಾಯಿತು. ಮುಖ ಕೆಂಪೇರಿ ತಲೆ ಸಿಡಿಯುತ್ತಿತ್ತು. ಆಗಾಗ ಒಂದು ಬಾಟಲಿ ರಕ್ತ ತೆಗೆದು ನನ್ನನ್ನು ಮನೆಗೆ ಕಳಿಸುತ್ತಿದ್ದರು.

ರಕ್ತ ಹೋದವರ ಆರೈಕೆಯೆಂದರೆ ಸೊರಬದ ಕಡೆಯ ನನ್ನ ಹೆಂಡತಿಗೆ ಗೊತ್ತಿದ್ದದ್ದು ಬಾಣಂತನವೊಂದೇ. ಬಿಸಿಬಿಸಿ ನೀರು ಹುಯ್ದು, ಕಿವಿ ಮುಚ್ಚುವಂತೆ ತಲೆಗೆ ಬಟ್ಟೆ ಕಟ್ಟಿ, ಬೆಲ್ಲದ ಅಂಟಿನುಂಡೆ ತಿನ್ನಿಸುತ್ತಿದ್ದಳು.

"ಹೆಚ್ಚಾಗೈತಿ ಅಂತ ರಕ್ತ ತೆಗೆದರೆ, ನೀನು ಮತ್ತೆ ತುಂಬಿಸ್ತೀಯಲ್ಲೇ!" ಎಂದು ರೇಗಿದೆ.

ಅವಳು ಇನ್ನೊಂದು ಉಂಡೆ ನನ್ನ ಕೈಗಿಟ್ಟಳು.

"ನಮ್ಮವ್ವ ಕಲಿಸಿದ್ದೆಲ್ಲ ದಂಡ ಆಗೋದು ಬ್ಯಾಡ ಬಿಡ್ರೀ. ಈ ಮನೇಲಿ ಒಬ್ಬರಿಗಾದ್ರೂ ಬಾಣಂತನ ಆಗ್ಲಿ."