ನೋಯಿಸದ ಸೂಜಿ

ಐವತ್ತರ ದಶಕದ ಕೊನೆ. ನಾನು ಶಿಕಾರಿಪುರದ ಒಂದು ಆಸ್ಪತ್ರೆಯಲ್ಲಿ ಹೆಲ್ತ್ ಇನ್‌ಸ್ಪೆಕ್ಟರ್ ಆಗಿದ್ದೆ. ನಮ್ಮಲ್ಲಿ ಮಲಗಿ ಗುಣವಾಗಿ ಹೋದವರು ಎರಡು ಮೂರು ತಿಂಗಳಿಗೆ ಒಬ್ಬೊಬ್ಬರಾಗಿ ಕಾಮಾಲೆಯಿಂದ ಮಲಗತೊಡಗಿದರು. ಕಾಮಾಲೆ ಅಂದರೆ ಕೆಟ್ಟ ನೀರು, ಅದು ನಮ್ಮ ತಲೆಯಲ್ಲಿ ಕೂತುಬಿಟ್ಟಿತ್ತು. ಬಳ್ಳಿಗಾವಿಯಿಂದ ಕುಬಟೂರಿನವರೆಗೆ ಸೈಕಲ್ ತುಳಿದು ಸಿಕ್ಕಸಿಕ್ಕ ಬಾವಿಗೆಲ್ಲ ಬ್ಲೀಚಿಂಗ್ ಪುಡಿ ಸುರಿದೆ. ವಾಸನೆಗೆ ಜನ ಬೈದರು, ಕಾಯಿಲೆ ಮಾತ್ರ ಜಗ್ಗಲಿಲ್ಲ.

ಸೊರಬದಲ್ಲಿ ಪಾತ್ರೆಗೆ ಕಲಾಯಿ ಹಾಕುವವನೊಬ್ಬನ ಹೆಂಡತಿ ಮಲಗಿದ್ದಳು. ತುಂಬು ಬಸುರಿ. ರಕ್ತ ಕಡಿಮೆ ಎಂದು ಹಿಂದೆ ನಮ್ಮಲ್ಲಿದ್ದು ಹೋದವಳು. ಕಣ್ಣು ಅರಿಶಿನವಾಗಿತ್ತು. ಆಸ್ಪತ್ರೆಯಲ್ಲಿ ಏನೇನು ಕೊಟ್ಟರು ಎಂದು ಕೇಳಿದೆ.

"ದಿನಾ ಸೂಜಿ ಹಾಕಿದ್ರು ಸಾಹೇಬ್ರೇ. ನಾನು ಹೆದರ್ತೀನಿ ಅಂತ ಡಾಕ್ಟ್ರು ಆ ಸಣ್ಣ ಸೂಜೀನೇ ತಗೊಂಡ್ರು."

ಆ ಸೂಜಿ ನನಗೆ ಗೊತ್ತಿತ್ತು. ಮಿಕ್ಕವೆಲ್ಲ ಕುದಿಸಿ ಕುದಿಸಿ ಮೊಂಡಾಗಿದ್ದವು. ಹೆದರುವವರಿಗೆಂದು ಡಾಕ್ಟರು ಚೂಪಾದದ್ದೊಂದನ್ನು ತೆಗೆದಿಟ್ಟಿದ್ದರು. ಅದೂ ಮೊಂಡಾದೀತೆಂದು ಕುದಿಸದೆ ಬರೀ ಸ್ಪಿರಿಟ್‌ನಲ್ಲಿ ಅದ್ದುತ್ತಿದ್ದರು. ರಕ್ತದಿಂದ ರಕ್ತಕ್ಕೆ ದಾಟುವ ಕಾಮಾಲೆಯ ವೈರಸ್ಸಿಗೆ ಸ್ಪಿರಿಟ್ ಯಾವ ಲೆಕ್ಕ? ಮತ್ತೆ ಮನೆಮನೆ ತಿರುಗಿ ವಿಚಾರಿಸಿದೆ. ಕಾಯಿಲೆ ಬಿದ್ದವರೆಲ್ಲ ಡಾಕ್ಟರು ಕನಿಕರ ತೋರಿಸಿದವರೇ.

ಡಾಕ್ಟರು ನಾನು ಹೇಳಿದ್ದನ್ನು ಪೂರ್ತಿ ಕೇಳಿ ಸೂಜಿಯನ್ನು ಮುರಿದು ಹಾಕಿದರು. ಅಷ್ಟರಲ್ಲಿ ಆ ಹೆಂಗಸು ತೀರಿಕೊಂಡಳು, ಮಗು ಹೊಟ್ಟೆಯಲ್ಲೇ ಹೋಯಿತು.

"ಅವಳ ಗಂಡನಿಗೆ ನಾನೇ ಹೇಳ್ತೀನ್ರೀ. ನೀವು ಹೇಳೋದು ಬೇಡ," ಎಂದರು ಡಾಕ್ಟರು.

ಇವತ್ತು ನಾಳೆ ಎಂದು ಸೊರಬಕ್ಕೆ ಹೋಗುವುದು ಮುಂದೆ ಬಿತ್ತು. ಒಂದು ದಿನ ಅವನೇ ಜ್ವರದ ಮಗಳನ್ನು ಎತ್ತಿಕೊಂಡು ಬಂದ. ಡಾಕ್ಟರು ಎದುರಿಗೇ ನಿಂತು ಸೂಜಿ ಕುದಿಸಿದರು. ಇಂಜೆಕ್ಷನ್ ಕೊಟ್ಟು, ಅವನನ್ನು ಪಕ್ಕಕ್ಕೆ ಕರೆದು ಹೇಳಿಬಿಡುವುದೆಂದು ನಮ್ಮಿಬ್ಬರಲ್ಲಿ ಮಾತಾಗಿತ್ತು. ಮೊಂಡು ಸೂಜಿ ಚುಚ್ಚಿದ್ದೇ ಮಗು ಕಿರುಚಿಕೊಂಡಿತು.

ಅವನು ಮಗಳ ಬೆನ್ನು ಸವರಿದ. "ಅಳಬಾರ್ದು ಬೇಟಾ. ನಿಮ್ಮ ಅಮ್ಮೀಗೂ ಇವರೇ ಹಾಕಿದ್ದು. ಚೂರೂ ನೋವಾಗ್ಲಿಲ್ಲ ಅಂತಿದ್ಲು. ಇವರ ಕೈ ಭಾಳ ಒಳ್ಳೇದು."

ಡಾಕ್ಟರು ಅವನನ್ನು ಪಕ್ಕಕ್ಕೆ ಕರೆಯದೆ ಸೂಜಿಯನ್ನು ಮತ್ತೆ ಕುದಿಯುವ ನೀರಿಗೆ ಹಾಕಿದರು. ನಾನು ಮಾತ್ರೆಯ ಪೊಟ್ಟಣ ಕಟ್ಟಿ ಅವನ ಕೈಗಿಟ್ಟೆ. ಅವನು ಇಬ್ಬರಿಗೂ ಸಲಾಂ ಮಾಡಿ, ಮಗಳನ್ನು ಹೆಗಲಿಗೆ ಹಾಕಿಕೊಂಡು ಹೋದ.