ಒಂದು ಪ್ರತಿ ಇರಲಿ

ನಮ್ಮಕ್ಕನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಮನೆಯಲ್ಲೂ ಬೀದಿಯಲ್ಲೂ ಅವಳು ‘ಇರಲಕ್ಕ’. ಮುರಿದ ಛತ್ರಿಯ ಹಿಡಿ, ಬೀಗವೇ ಇಲ್ಲದ ಬೀಗದಕೈ, ಔಷಧಿಯ ಖಾಲಿ ಬಾಟಲಿ, ಯಾವುದನ್ನು ಎಸೆಯಲು ಹೋದರೂ ‘ಅಯ್ಯೋ, ಇರಲಿ ಬಿಡೇ’ ಎಂದು ಕಸಿದುಕೊಳ್ಳುತ್ತಾಳೆ. ಸಾಲದ್ದಕ್ಕೆ ಮಹಾ ಪುಕ್ಕಲಿ. ಫೋನ್ ಹೊಡೆದುಕೊಂಡರೆ ಇವಳ ಎದೆ ಹೊಡೆದುಕೊಳ್ಳುತ್ತದೆ. ಬಾಗಿಲಿಗೆ ಬೀಗ ಹಾಕಿ ಮೆಟ್ಟಿಲಿಳಿದವಳು ಮತ್ತೆ ಹತ್ತಿ ಹೋಗಿ ಎಳೆದು ನೋಡುತ್ತಾಳೆ. ನನಗೋ ಕೋಪ ಮೂಗಿನ ತುದಿಯಲ್ಲಿ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಅಂದರೆ ನಂಬುವವರಿಲ್ಲ.

ಇಂಥವಳು ಊಟದ ಮೇಜಿನ ತುದಿಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಸಣ್ಣ ಸಣ್ಣ ಅಂಗಡಿಯವರ ವೆಬ್‌ಸೈಟ್ ನೋಡಿಕೊಳ್ಳುತ್ತಾಳೆ. ಏನನ್ನೇ ಬದಲಿಸುವ ಮುಂಚೆ ಹಳೆಯದರ ಒಂದು ಪ್ರತಿ ಎತ್ತಿಡುತ್ತಾಳೆ. ಆ ಪ್ರತಿಗೂ ಒಂದು ಪ್ರತಿ. ಈ ಕೆಲಸಕ್ಕೆ ಅದು ಒಳ್ಳೆಯ ಗುಣವಂತೆ. ನಾನೂ ಹಾಗೇ ಅಂದುಕೊಂಡಿದ್ದೆ.

ಅವಳ ಗಿರಾಕಿಗಳಲ್ಲಿ ಕೂದಲಮ್ಮ ಅಂತ ಒಬ್ಬರು. ಕಾಯಿಲೆಯ ಚಿಕಿತ್ಸೆಯಿಂದ ತಲೆಗೂದಲು ಉದುರಿದ ಹೆಂಗಸರಿಗೆ ವಿಗ್ ಮಾಡಿಕೊಡುತ್ತಾರೆ. ಅಂಗಡಿಗೆ ಬಂದು ತಲೆ ತೋರಿಸಲು ಆ ಹೆಂಗಸರಿಗೆ ಜೀವ ಹೋಗುವಷ್ಟು ಸಂಕೋಚ. ಹಾಗಾಗಿ ಬರಿದಲೆಯ ಫೋಟೋಗಳನ್ನು ಸೈಟ್ ಮೂಲಕವೇ ಕಳಿಸುತ್ತಿದ್ದರು, ಎದುರಿನಿಂದ, ಹಿಂದಿನಿಂದ, ಎರಡೂ ಪಕ್ಕದಿಂದ. ಕೂದಲಮ್ಮ ಮತ್ತು ಅಕ್ಕ, ಇಬ್ಬರನ್ನು ಬಿಟ್ಟು ಮೂರನೆಯವರು ನೋಡುವುದಿಲ್ಲ ಅನ್ನುವ ಮಾತಿನ ಮೇಲೆ.

ಒಂದು ಬೆಳಿಗ್ಗೆ ಕೂದಲಮ್ಮ ಏದುಸಿರು ಬಿಡುತ್ತಾ ನಮ್ಮ ಮೆಟ್ಟಿಲು ಹತ್ತಿ ಬಂದರು.

“ನನ್ನ ಅಂಗಡಿ ಹೆಸರು ಹಾಕಿ ಹುಡುಕಿದ್ರೆ ಕೆಳಗೆ ಜೂಜಾಟದ ಜಾಹೀರಾತು ಬರ್ತಿದೆ ಕಣಮ್ಮ!”

ಅಕ್ಕ ಸೈಟ್ ತೆರೆದಳು. ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ಪುಟದ ಹಿಂದಿನ ಬರಹ ತೆಗೆದು ನೋಡಿದಳು. ಬಿಳಿಯ ಮೇಲೆ ಬಿಳಿ ಅಕ್ಷರದಲ್ಲಿ ಸಾಲು ಸಾಲು ಜೂಜಿನ ಸೈಟ್‌ಗಳ ವಿಳಾಸ. ನಮ್ಮ ಕಣ್ಣಿಗೆ ಕಾಣದು, ಹುಡುಕುವ ಯಂತ್ರಗಳು ಮಾತ್ರ ಓದುತ್ತವೆ.

“ಯಾರೋ ಒಳಗೆ ಬಂದಿದ್ದಾರೆ,” ಅಂದಳು ಅಕ್ಕ.

ಕೂದಲಮ್ಮ ಕೇಳಿದ್ದು ಒಂದೇ ಮಾತು. “ಹಾಗಾದ್ರೆ ಫೋಟೋಗಳು?”

ಅಕ್ಕ ಕಂಪ್ಯೂಟರಿನತ್ತ ತಿರುಗಿದಳು. ಆ ಸಾಲುಗಳನ್ನು ಕಿತ್ತು ಹಾಕಿದಳು. ಮಧ್ಯಾಹ್ನದ ಹೊತ್ತಿಗೆ ಅವು ಮತ್ತೆ ಅಲ್ಲೇ ಇದ್ದವು. ಪಾಸ್‌ವರ್ಡ್ ಬದಲಿಸಿದಳು, ಮತ್ತೆ ಕಿತ್ತಳು, ಮತ್ತೆ ಬಂದವು. ಕಳ್ಳ ಬಂದು ಹೋಗಿದ್ದಾನೆ ಅಂದುಕೊಂಡಿದ್ದೆವು. ಅವನು ಇನ್ನೂ ಮನೆಯೊಳಗೇ ಇದ್ದ. ಹೋಗಿ ಕಿಟಕಿ ಹಾಕಿ ಬಂದೆ, ಕಿಟಕಿಗೂ ಇದಕ್ಕೂ ಏನು ಸಂಬಂಧವೋ!

“ಹೇನು ತೆಗೆದು ಸೀರು ಬಿಟ್ರೆ ಏನು ಬಂತು?” ಅಂದರು ಕೂದಲಮ್ಮ. “ಬುಡ ನೋಡಮ್ಮ.”

ಅಕ್ಕ ಒಂದೊಂದೇ ಕಡತ ತೆರೆದು ನೋಡುತ್ತಾ ಹೋದಳು. ಕೊನೆಗೆ ‘ಹಳೆಯದು’ ಅಂತ ಹೆಸರಿದ್ದ ಒಂದರ ಮುಂದೆ ಅವಳ ಕೈ ನಿಂತಿತು.

“ನಾನೇ ಕಣೇ,” ಅಂದಳು. “ಬಾಗಿಲು ತೆಗೆದಿಟ್ಟಿದ್ದು ನಾನೇ.”

ಹೊಸ ಸೈಟ್ ಕಟ್ಟಿದಾಗ ಹಳೆಯದನ್ನು ಅಳಿಸದೆ, ಇರಲಿ ಅಂತ, ಪಕ್ಕದಲ್ಲೇ ಇಟ್ಟಿದ್ದಳು. ಹೊಸದಕ್ಕೆ ಗಟ್ಟಿ ಬೀಗ, ಹಳೆಯದಕ್ಕೆ ಅದೇ ಹಳೆಯ ತುಕ್ಕು ಬೀಗ. ಕಳ್ಳ ಅಲ್ಲಿಂದ ನುಗ್ಗಿ, ಫೋಟೋದಂತೆ ಹೆಸರಿಟ್ಟ ಒಂದು ಕಡತವನ್ನು ಅಡಗಿಸಿದ್ದ. ಇವಳು ಕಿತ್ತಿದ್ದನ್ನೆಲ್ಲ ಅದು ಮತ್ತೆ ಬರೆಯುತ್ತಿತ್ತು. ಅಡಗಿಸಿದ್ದು ಎಲ್ಲಿ? ಆ ಹೆಂಗಸರ ಫೋಟೋಗಳ ನಡುವೆ.

ಅವನು ಅವುಗಳನ್ನು ಮುಟ್ಟಿದ್ದನೇ? ಸೈಟಿಗೆ ಬಂದು ಹೋದವರ ದಾಖಲೆ ಈಚಿನ ಕೆಲವು ದಿನಗಳದ್ದು ಮಾತ್ರ ಉಳಿದಿತ್ತು. ಆ ದಿನಗಳಲ್ಲಿ ಯಾರೂ ಮುಟ್ಟಿರಲಿಲ್ಲ. ಅದಕ್ಕೆ ಮುಂಚಿನದು ದೇವರಿಗೇ ಗೊತ್ತು.

“ಎಲ್ಲಾ ಅಳಿಸು,” ಅಂದರು ಕೂದಲಮ್ಮ. “ಸೈಟಲ್ಲಿರೋದು, ನಿನ್ನ ಮನೇಲಿರೋದು, ಎಲ್ಲಾ. ವಿಗ್ ಮಾಡಿ ಕೊಟ್ಟಾಯ್ತು, ಇನ್ಯಾಕೆ ಅವು?”

“ಒಂದು ಪ್ರತಿ...” ಅಂತ ಅಕ್ಕ ಬಾಯಿ ತೆರೆದಳು. ಕೂದಲಮ್ಮ ಅವಳನ್ನೇ ನೋಡಿದರು. ಅಕ್ಕ ಹಳೆಯ ಸೈಟನ್ನೂ ಕಳ್ಳನ ಕಡತವನ್ನೂ ಫೋಟೋಗಳನ್ನೂ ಅಳಿಸಿದಳು. ಬೀರುವಿನಲ್ಲಿ ಹಳೆಯ ಕಾಲುಚೀಲದೊಳಗೆ ಸುತ್ತಿಟ್ಟಿದ್ದ, ಪ್ರತಿಗಳಿದ್ದ ಡ್ರೈವ್ ಕೂಡ ತಂದು ಖಾಲಿ ಮಾಡಿದಳು. ಇಂಥದ್ದನ್ನು ಈ ಕಣ್ಣಿಂದ ನೋಡುತ್ತೇನೆ ಅಂದುಕೊಂಡಿರಲಿಲ್ಲ. ಜೂಜಿನ ಸಾಲುಗಳು ಮತ್ತೆ ಬರಲಿಲ್ಲ.

ಫೋಟೋ ಕಳಿಸಿದ್ದವರಿಗೆಲ್ಲ ವಿಷಯ ತಿಳಿಸಬೇಕಿತ್ತು. ನಾನು ಮಾತಾಡುತ್ತೇನೆ ಅಂದರೂ ಅಕ್ಕ ಕೇಳಲಿಲ್ಲ. “ತಪ್ಪು ನಂದು, ಬೈಗುಳನೂ ನಂದೇ.” ಧೈರ್ಯಕ್ಕೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಫೋನನ್ನು ಮೇಜಿನ ಮೇಲಿಟ್ಟು, ಸ್ಪೀಕರ್ ಹಾಕಿ ಮಾತಾಡಿದಳು. ಕೆಲವರು ಉಗಿದರು. ಒಬ್ಬಾಕೆ ಅತ್ತಳು. ಒಬ್ಬ ಟೀಚರ್, “ಬೇರೆ ಯಾರಾದ್ರೂ ನೋಡಿದ್ರಾ, ಅದನ್ನ ಹೇಳಿ ಮೊದ್ಲು,” ಅಂದರು. ಎಲ್ಲರಿಗೂ ಅಕ್ಕನದು ಒಂದೇ ಉತ್ತರ: “ನೋಡಿಲ್ಲ ಅನ್ಸುತ್ತೆ, ಆದ್ರೆ ಖಾತ್ರಿಯಾಗಿ ಹೇಳಕ್ಕಾಗಲ್ಲ.” ಸುಳ್ಳು ಹೇಳಲೂ ಅವಳಿಗೆ ಹೆದರಿಕೆ.

ಕೊನೆಯ ನಂಬರಿನಲ್ಲಿ ಗಂಡಸಿನ ದನಿ.

“ಅವಳಿಲ್ಲಮ್ಮ. ಹೋಗ್ಬಿಟ್ಲು. ನಾನು ಅವಳ ಯಜಮಾನ.”

ಅಕ್ಕ ತಡವರಿಸುತ್ತಾ ನಡೆದದ್ದನ್ನು ಹೇಳಿದಳು.

“ಕೂದಲು ಹೋದ್ಮೇಲೆ ಅವಳು ನಂಗೆ ಒಂದು ಫೋಟೋ ತೆಗೆಯೋಕೂ ಬಿಡ್ಲಿಲ್ಲ. ಮನೇಲೂ ತಲೆಗೆ ಬಟ್ಟೆ ಸುತ್ಕೊಂಡೇ ಇರೋಳು. ಬಾಗಿಲು ಹಾಕ್ಕೊಂಡು ತಾನೇ ತೆಗೆದು ನಿಮಗೆ ಕಳಿಸಿ, ಫೋನಿಂದಲೂ ಅಳಿಸ್ಬಿಟ್ಟಿದ್ಲು. ನಿಮ್ಮ ಹತ್ರ ಇದ್ರೆ ಒಂದು ಕೊಡ್ತೀರಾ ತಾಯಿ? ಕೊನೆಕೊನೆಗೆ ಹೇಗಿದ್ಲು ಅಂತ ನೋಡ್ಬೇಕು.”

ಅಕ್ಕ ತಿರುಗಿ ಬೀರುವನ್ನು ನೋಡಿದಳು. ಜೀವಮಾನದಲ್ಲಿ ಒಂದೇ ಒಂದು ಸಲ ಅವಳು ಏನನ್ನೂ ಎತ್ತಿಟ್ಟಿರಲಿಲ್ಲ.

“ಇಲ್ಲಣ್ಣ. ಎಲ್ಲಾ ಅಳಿಸ್ಬಿಟ್ಟೆ.”

“ಒಂದೂ ಇಲ್ವಾ?”

“ಒಂದೂ ಇಲ್ಲ.”

“ಹೋಗ್ಲಿ ಬಿಡಿ. ಅವಳಿಗೂ ಅದೇ ಬೇಕಿತ್ತು.” ಆತ ಮೂಗು ಒರೆಸಿಕೊಂಡದ್ದು ಕೇಳಿಸಿತು. “ಬೇರೆ ಯಾರ ಕೈಗೂ ಸಿಕ್ಕಿಲ್ಲ ತಾನೇ?”

ಎಲ್ಲರಿಗೂ ಕೊಟ್ಟ ಅದೇ ಉತ್ತರ ಬರುತ್ತದೆ ಅಂದುಕೊಂಡೆ.

“ಇಲ್ಲಣ್ಣ,” ಅಂದಳು ಅಕ್ಕ. “ಸಿಕ್ಕಿಲ್ಲ.”

ಈಗಲೂ ಫೋನ್ ಹೊಡೆದುಕೊಂಡರೆ ಅಕ್ಕ ಬೆಚ್ಚುತ್ತಾಳೆ. ಮುಂಚೆ ಯಾಕೆ ಅಂತ ಅವಳಿಗೇ ಗೊತ್ತಿರಲಿಲ್ಲ. ಈಗ ಗೊತ್ತಿದೆ. ಆ ಫೋಟೋ ಎಲ್ಲೋ ಕಂಡಿತು ಅಂತ ಹೇಳಲು ಆತನೇ ಕರೆದಿರಬೇಕು ಅಂದುಕೊಳ್ಳುತ್ತಾಳೆ. ನಾನೇ ಹೋಗಿ ಫೋನ್ ಎತ್ತುತ್ತೇನೆ, ರೇಗದೆ.