ಆ ಇಂಗ್ಲಿಷ್ ಮಾತಿಗೆ ಎರಡು ಅರ್ಥ

“ಡಿಡ್ ಶಿ ಬ್ರಿಂಗ್ ಅಪ್ ಎನಿಥಿಂಗ್?” ಕನ್ನಡ ಬಾರದ ಹೊಸ ಡಾಕ್ಟರು ಕೇಳಿದರು. ಬೈಲಹೊಂಗಲದ ದವಾಖಾನೆಯಲ್ಲಿ ಅಕ್ಕನಿಗೆ ಸಲಾಯಿನ್ ಹಚ್ಚಿದ್ದರು. ಬ್ರಿಂಗ್ ಅಪ್ ಅಂದರೆ ಸಾಕುವುದು ಎಂದು ಶಾಲೆಯಲ್ಲಿ ಕಲಿತಿದ್ದೆ. ಅವ್ವ ತೀರಿದ ಮೇಲೆ ನನ್ನನ್ನು ಸಾಕಿದವಳು ಅಕ್ಕನೇ. “ಯೆಸ್ ಸರ್, ಮಿ” ಎಂದೆ.

ನರ್ಸ್ ನಗು ತಡೆದುಕೊಂಡು, “ಅಣ್ಣಾರ, ವಾಂತಿ ಆತೇನು ಅಂತ ಕೇಳಾಕತ್ತಾರ್ರಿ” ಎಂದರು. ನನಗೆ ನಾಚಿಕೆಯಾಯಿತು. ಅಕ್ಕ ಮಾತ್ರ ಕಣ್ಣು ತೆರೆದು ನಕ್ಕಳು. “ಅವ ಹೇಳಿದ್ದೂ ಖರೇನ ಐತ್ರಿ. ಮುನವಳ್ಳಿ ಬಸ್ಸಿನ್ಯಾಗ ಇವ ಕಾರಿಕೊಂಡದ್ದೆಲ್ಲಾ ನನ್ನ ಸೆರಗಿನ್ಯಾಗ ಹಿಡದೇನಿ.”

ಅದೇ ವಾರ ಅಕ್ಕ ಹೋದಳು. ದಿನಕರ್ಮ ಮುಗಿದ ಮೇಲೆ ಡಿಕ್ಷನರಿ ತೆಗೆದು ನೋಡಿದೆ. ಬ್ರಿಂಗ್ ಅಂದರೆ ತರುವುದು, ಅಪ್ ಅಂದರೆ ಮೇಲೆ. ಹೊಟ್ಟೆಯಲ್ಲಿದ್ದದ್ದನ್ನು ಮೇಲೆ ತಂದರೂ ಅದೇ ಮಾತು, ಮಕ್ಕಳನ್ನು ಮೇಲೆ ತಂದರೂ ಅದೇ ಮಾತು. ಡಾಕ್ಟರು ಕೇಳಿದ್ದು ಒಂದು, ನಾನು ಹೇಳಿದ್ದು ಇನ್ನೊಂದು. ಅಕ್ಕ ಎರಡನ್ನೂ ಒಂದೇ ಸೆರಗಿನಲ್ಲಿ ಹಿಡಿದಿದ್ದಳು, ಡಿಕ್ಷನರಿ ನೋಡದೆ.

ಅಕ್ಕನ ಮಗಳಿಗೆ ತಂದೆಯೂ ಇಲ್ಲ; ಅವಳು ಈಗ ನನ್ನ ಹತ್ತಿರ ಇದ್ದಾಳೆ. ಮೊನ್ನೆ ಸವದತ್ತಿ ಬಸ್ಸಿನಲ್ಲಿ, “ಮಾಮಾ, ಹೊಟ್ಟಿ ತೊಳಸಾಕತ್ತೈತಿ” ಎಂದಳು. ಹೆಗಲ ಮೇಲಿನ ಟವೆಲ್ ತೆಗೆದು ಅವಳ ಬಾಯಿಗೆ ಒಡ್ಡಿದೆ. ಇವಳನ್ನು ನಾನು ಮೇಲೆ ತರುತ್ತೇನೆ.